ಪೀರ್ ಇಳಿಸೋಕೆ ಕ್ಲಿಯರ್ ಕೊಡಬೇಕಾ, ಶಟ್‌ಡೌನ್ ಕೊಡಬೇಕಾ?

ಪ್ರಶ್ನೆ: ಗುಬ್ಬಿ ಕಡೆ ಸಣ್ಣದಾಗಿ ಇಂಟರ್ನೆಟ್ ಸರ್ವೀಸ್ ನಡೆಸುತ್ತಿದ್ದೇವೆ. ಬೆಂಗಳೂರಿನಿಂದ ಎರಡು ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಕೊಡುವ ಕಂಪನಿಗಳು) ಇವೆ, ಲಿನಕ್ಸ್ ಬಾಕ್ಸ್ ಮೇಲೆ ಎಫ್‌ಆರ್‌ಆರ್ (ಬಿಜಿಪಿ ನಡೆಸುವ ರೂಟರ್ ಸಾಫ್ಟ್‌ವೇರ್; ಬಿಜಿಪಿ ಅಂದರೆ ಯಾವ ಐಪಿಗೆ ಯಾವ ದಾರಿ ಅಂತ ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ಓಡುತ್ತಿದೆ. ರಾತ್ರಿ ಒಂದು ಲೈನಿನ ಫೈಬರ್ ಕೆಲಸ ಇದ್ದಾಗ ಆ ಪೀರ್ (ಆಚೆ ತುದಿಯ ರೂಟರ್ ಜೊತೆಗಿನ ಬಿಜಿಪಿ ಸಂಪರ್ಕ) ಇಳಿಸಬೇಕು. ಕ್ಲಿಯರ್ ಕೊಟ್ಟರೆ ಮತ್ತೆ ತಾನೇ ಎದ್ದು ಬರುತ್ತದೆ. ಏನು ಮಾಡೋದು?

ಶಟ್‌ಡೌನ್ ಕೊಡಿ. ಆದರೆ ಅದು ಕೊನೆಯ ಕಮಾಂಡ್, ಮೊದಲನೆಯದಲ್ಲ.

ಕ್ಲಿಯರ್ ಇರುವುದೇ ಹಾಗೆ. ಸೆಷನ್ ಕಡಿಯುತ್ತದೆ, ಆ ಪೀರ್ ಕಡೆಯ ರೂಟ್‌ಗಳೆಲ್ಲ ಹೋಗುತ್ತವೆ, ರೂಟರ್ ತಾನೇ ಮತ್ತೆ ಟಿಸಿಪಿ 179ನೇ ಪೋರ್ಟಿಗೆ ಹೋಗಿ ಸೆಷನ್ ಕಟ್ಟಿಕೊಳ್ಳುತ್ತದೆ. ಇನ್ನು ಪೀರ್ ಹೆಸರಿನ ಜಾಗದಲ್ಲಿ ಸ್ಟಾರ್ ಹಾಕಿ ಕ್ಲಿಯರ್ ಕೊಟ್ಟರೆ ಎರಡೂ ಲೈನ್ ಒಟ್ಟಿಗೆ ಬಿದ್ದು, ಊರಿಗೆ ಊರೇ ಫೋನ್ ಮಾಡುತ್ತದೆ. ಫಿಲ್ಟರ್ ಬದಲಿಸಿದಾಗ ಬೇಕಾಗುವುದು ‘ಕ್ಲಿಯರ್ ಐಪಿ ಬಿಜಿಪಿ 192.0.2.1 ಸಾಫ್ಟ್’, ಅದರಲ್ಲಿ ಸೆಷನ್ ಬೀಳುವುದಿಲ್ಲ (ಇಲ್ಲಿ ಉದಾಹರಣೆಗೆ 192.0.2.1 ಇಳಿಸುವ ಪೀರ್, 198.51.100.1 ಉಳಿಯುವ ಪೀರ್). ಪೀರನ್ನೇ ಕಿತ್ತುಹಾಕುವ ‘ನೋ ನೈಬರ್’ ಅಂತೂ ಮುಟ್ಟಲೇಬೇಡಿ: ಪಾಸ್‌ವರ್ಡ್, ರೂಟ್-ಮ್ಯಾಪ್ (ಬರುವ, ಹೋಗುವ ರೂಟ್‌ಗಳಿಗೆ ಹಾಕುವ ನಿಯಮಗಳು) ಎಲ್ಲ ಅಳಿಸಿಹೋಗಿ ರಾತ್ರಿ ಎರಡು ಗಂಟೆಯಲ್ಲಿ ಮತ್ತೆ ಟೈಪ್ ಮಾಡುತ್ತಾ ಕೂರಬೇಕಾಗುತ್ತದೆ.

ಈಗ ವಿಷಯಕ್ಕೆ ಬರೋಣ. ಇಳಿಸುವ ಪೀರ್ ನೋಡುವ ಮೊದಲು ಉಳಿಯುವ ಪೀರ್ ನೋಡಿ. ವಿಟಿವೈ ಶೆಲ್‌ನಲ್ಲಿ (ಎಫ್‌ಆರ್‌ಆರ್‌ಗೆ ಕಮಾಂಡ್ ಕೊಡುವ ಜಾಗ) ‘ಶೋ ಬಿಜಿಪಿ ಸಮ್ಮರಿ’ ಕೊಟ್ಟರೆ ಬಲಗಡೆ ಎಷ್ಟು ಪ್ರಿಫಿಕ್ಸ್ (ಐಪಿ ಬ್ಲಾಕ್) ಬಂದಿವೆ, ಎಷ್ಟು ಕಳಿಸಿದ್ದೀರಿ ಅಂತ ಎರಡು ಕಾಲಂ ಕಾಣುತ್ತವೆ. ಬಂದಿರುವ ಕಡೆ ನಂಬರ್ ಇದ್ದರೆ ಸೆಷನ್ ಚೆನ್ನಾಗಿದೆ. ಹೆಚ್ಚಿನವರು ಅಷ್ಟಕ್ಕೇ ಸಮಾಧಾನ ಆಗಿಬಿಡುತ್ತಾರೆ. ಕಳಿಸಿರುವ ಕಾಲಂ ಸೊನ್ನೆ ಇದ್ದರೆ, ನಿಮ್ಮ ಐಪಿಗಳು ಆ ಅಪ್‌ಸ್ಟ್ರೀಮ್ ಮೂಲಕ ಜಗತ್ತಿಗೆ ಗೊತ್ತೇ ಇಲ್ಲ ಎಂದರ್ಥ. ಪ್ಯಾಕೆಟ್ ಹೊರಗೆ ಹೋಗುತ್ತದೆ, ಉತ್ತರ ವಾಪಸ್ ಬರುವುದಿಲ್ಲ. ನಂಬರ್ ಬದಲು ಬ್ರ್ಯಾಕೆಟ್‌ನಲ್ಲಿ ‘ಪಾಲಿಸಿ’ ಅಂತ ಬಂದಿದ್ದರೆ ಆ ದಿಕ್ಕಿಗೆ ರೂಟ್-ಮ್ಯಾಪ್ ಅಥವಾ ಫಿಲ್ಟರ್ ಹಾಕಿಲ್ಲ ಅಂತ. 2017ರ ಆರ್‌ಎಫ್‌ಸಿ 8212 (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ಪ್ರಕಾರ ಪಾಲಿಸಿ ಇಲ್ಲದಿದ್ದರೆ ಹೊರಗಿನ ಪೀರ್‌ಗೆ ಏನೂ ಕಳಿಸಬಾರದು, ಅವರಿಂದ ಬಂದದ್ದನ್ನು ಬಳಸಲೂಬಾರದು. ಹೊಸ ಎಫ್‌ಆರ್‌ಆರ್ ಇದನ್ನು ಪಾಲಿಸುತ್ತದೆ. ಹಾಗಾಗಿ ‘ಶೋ ಬಿಜಿಪಿ ಐಪಿವಿ4 ಯುನಿಕಾಸ್ಟ್ ನೈಬರ್ಸ್ 198.51.100.1 ಅಡ್ವರ್ಟೈಸ್ಡ್-ರೂಟ್ಸ್’ ಕೊಟ್ಟು ನಿಮ್ಮ ಬ್ಲಾಕ್ ಅಲ್ಲಿದೆಯಾ ಅಂತ ಕಣ್ಣಾರೆ ನೋಡಿ. ಡೀಫಾಲ್ಟ್ ರೂಟನ್ನು (ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯುವ ದಾರಿ) ಯಾರಾದರೂ ಸ್ಟ್ಯಾಟಿಕ್ ಆಗಿ, ಅಂದರೆ ಕೈಯಾರೆ, ಬರೆದಿಟ್ಟಿದ್ದಾರಾ ಅದನ್ನೂ ನೋಡಿ, ಯಾಕಂದ್ರೆ ಬಿಜಿಪಿ ಇಳಿಸಿದರೂ ಅದು ಕದಲುವುದಿಲ್ಲ.

(ಎರಡು ಅಪ್‌ಸ್ಟ್ರೀಮ್ ಇದ್ದೂ ಎರಡೂ ಫೈಬರ್ ಬಿ.ಎಚ್. ರಸ್ತೆಯ ಒಂದೇ ಗುಂಡಿಯಲ್ಲಿ ಮಲಗಿದ್ದರೆ, ಒಂದು ಜೆಸಿಬಿ ಸಾಕು. ಅದಕ್ಕೆ ಯಾವ ಕಮಾಂಡೂ ಇಲ್ಲ.)

ಆಮೇಲೆ ಟ್ರಾಫಿಕ್ ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ಸರಿಸಿ. ಹೊರಹೋಗುವುದಕ್ಕೆ: ಇಳಿಸುವ ಪೀರ್‌ನ ಇನ್ ರೂಟ್-ಮ್ಯಾಪಿನಲ್ಲಿ ಲೋಕಲ್ ಪ್ರಿಫರೆನ್ಸ್ (ದಾರಿಗೆ ಕೊಡುವ ಆದ್ಯತೆ, ಹೆಚ್ಚಿದ್ದದ್ದು ಗೆಲ್ಲುತ್ತದೆ) 100ರಿಂದ 0ಗೆ ಇಳಿಸಿ. ಒಳಬರುವುದಕ್ಕೆ: ಔಟ್ ರೂಟ್-ಮ್ಯಾಪಿನಲ್ಲಿ 65535:0 ಕಮ್ಯುನಿಟಿ (ರೂಟ್‌ಗೆ ಅಂಟಿಸುವ ಚೀಟಿ) ಸೇರಿಸಿ. ಇದು ಗ್ರೇಸ್‌ಫುಲ್ ಶಟ್‌ಡೌನ್ ಗುರುತು, 2018ರ ಆರ್‌ಎಫ್‌ಸಿ 8326ರಲ್ಲಿದೆ. ಅಪ್‌ಸ್ಟ್ರೀಮ್‌ನವರು ಇದಕ್ಕೆ ಬೆಲೆ ಕೊಡುತ್ತಾರಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಇಲ್ಲ ಅಂದರೆ ನಿಮ್ಮ ಎಎಸ್ ನಂಬರನ್ನೇ (ಬಿಜಿಪಿಯಲ್ಲಿ ನಿಮ್ಮ ನೆಟ್‌ವರ್ಕಿನ ಗುರುತಿನ ಸಂಖ್ಯೆ) ಮೂರ್ನಾಲ್ಕು ಸಲ ಪ್ರಿಪೆಂಡ್ ಮಾಡಿ, ಅಂದರೆ ಮುಂದೆ ಸೇರಿಸಿ ದಾರಿ ಉದ್ದ ಕಾಣುವಂತೆ ಮಾಡಿ. ಪೂರ್ತಿ ಅಲ್ಲದಿದ್ದರೂ ಬಹಳಷ್ಟು ಸರಿಯುತ್ತದೆ. ಇಂಟರ್‌ಫೇಸಿನ ಗ್ರಾಫ್ ನೆಲ ಮುಟ್ಟುವವರೆಗೆ ಕಾಯಿರಿ, ಅವಸರ ಬೇಡ.

ಈಗ ಶಟ್‌ಡೌನ್. ‘ನೈಬರ್ 192.0.2.1 ಶಟ್‌ಡೌನ್ ಮೆಸೇಜ್’ ಅಂತ ಬರೆದು ಮುಂದೆ ಕಾರಣ ಹಾಕಿದರೆ ಆಚೆಯವರ ಲಾಗ್‌ನಲ್ಲಿ ಕಾಣುತ್ತದೆ. ಈ ಮೆಸೇಜ್ ಯುಟಿಎಫ್-8, ಹಾಗಾಗಿ ನಿಯಮದ ಪ್ರಕಾರ ಕನ್ನಡವೂ ನಡೆಯುತ್ತದೆ. ಮೊದಲು 128 ಬೈಟ್ ಮಿತಿ ಇತ್ತು. ನಮ್ಮಂಥ ಲಿಪಿಗಳಲ್ಲಿ ಒಂದೊಂದು ಅಕ್ಷರ ಚಿಹ್ನೆಗೂ 3 ಬೈಟ್ ಬೇಕಲ್ವಾ? ಆ ರೀತಿಯ ಲಿಪಿ ಬಳಸುವ ಕಡೆಯವರು ಜಾಗ ಸಾಲದು ಅಂದ ಮೇಲೆ 2021ರ ಆರ್‌ಎಫ್‌ಸಿ 9003ರಲ್ಲಿ 255ಕ್ಕೆ ಏರಿಸಿದರು. ಆಚೆ ಕೂತವರಿಗೆ ಕನ್ನಡ ಬರುತ್ತಾ ಅನ್ನೋದು ಬೇರೆ ಮಾತು.

ಶಟ್‌ಡೌನ್ ಯಾಕೆ, ಫೈಬರ್ ಕಿತ್ತರೆ ತಾನೇ ಬೀಳುತ್ತಲ್ಲ ಅನ್ನಬಹುದು. ಮಧ್ಯೆ ಸ್ವಿಚ್ ಇದ್ದರೆ ನಿಮ್ಮ ಪೋರ್ಟ್ ಅಪ್ ಆಗಿಯೇ ಇರುತ್ತದೆ. ಹೋಲ್ಡ್ ಟೈಮ್ (ಆಚೆಯಿಂದ ಸದ್ದಿಲ್ಲದಿದ್ದರೂ ಸೆಷನ್ ಕಾಯುವ ಹೊತ್ತು) 180 ಸೆಕೆಂಡ್ ಇದ್ದರೆ ಅಷ್ಟು ಹೊತ್ತೂ ಪ್ಯಾಕೆಟ್‌ಗಳು ಸುಮ್ನೆ ಹಳ್ಳಕ್ಕೆ ಹೋಗುತ್ತಿರುತ್ತವೆ.

ಎಂಟರ್ ಒತ್ತುವ ಮುಂಚೆ ನೀವು ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್) ಬಂದಿರುವುದು ಯಾವ ಲೈನಿನಿಂದ ಅಂತ ನೋಡಿಕೊಳ್ಳಿ, ಕೂತ ಕೊಂಬೆ ಕಡಿಯಬೇಡಿ. ‘ರೈಟ್ ಮೆಮೊರಿ’ ಕೊಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಕೆಲಸ ಮುಗಿಯುವ ಮೊದಲೇ ಪೀರ್ ಎದ್ದು ಕೂರುತ್ತದೆ. ಸಮ್ಮರಿಯಲ್ಲಿ ‘ಐಡಲ್ (ಅಡ್ಮಿನ್)’ ಅಂತ ಬಂದರೆ ಫೈಬರ್ ಜೋಡಿಸುವ ಸ್ಪ್ಲೈಸಿಂಗ್ ಹುಡುಗರಿಗೆ ಹೂಂ ಅನ್ನಿ. ಕೆಲಸ ಮುಗಿದ ಮೇಲೆ ‘ನೋ ನೈಬರ್ 192.0.2.1 ಶಟ್‌ಡೌನ್’. ಇಲ್ಲಿ ಕೊನೆಯ ಶಟ್‌ಡೌನ್ ಪದ ಬಿಟ್ಟುಹೋದರೆ ಮೇಲೆ ಹೇಳಿದ ಅನಾಹುತವೇ. ಪ್ರಿಫಿಕ್ಸ್ ಎಣಿಕೆ ಮೊದಲಿನಷ್ಟೇ ಬಂತಾ ನೋಡಿ, ರೂಟ್-ಮ್ಯಾಪ್ ಹಳೆಯ ಸ್ಥಿತಿಗೆ ತನ್ನಿ, ಮತ್ತೊಮ್ಮೆ ಸೇವ್ ಮಾಡಿ.