ಕೋಳಿ ಹೊರಗೆ ಕರಕಲು, ಒಳಗೆ ಹಸಿ: ಓವನ್‌ನಲ್ಲಿ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಮ್ಮದು ಕನ್ವೆಕ್ಷನ್ ಇರುವ 28 ಲೀಟರಿನ ಮೈಕ್ರೋವೇವ್. ರೆಸಿಪಿಯಲ್ಲಿ ಇದ್ದ ಹಾಗೆ 200 ಡಿಗ್ರಿಯಲ್ಲಿ ಇಡೀ ಕೋಳಿ ರೋಸ್ಟ್ ಮಾಡಿದರೆ ಮಸಾಲೆ ಸೀದುಹೋಗುತ್ತದೆ, ತೊಡೆಯ ಸಂದಿ ಮಾತ್ರ ಹಸಿ. ಜೊತೆಗೇ ಆಲೂಗಡ್ಡೆ, ತರಕಾರಿ ಇಟ್ಟು ಒಂದೇ ಸಲಕ್ಕೆ ಊಟ ಮುಗಿಸಲು ಆಗುತ್ತದೆಯೇ? (ಓದುಗರೊಬ್ಬರು, ಡೊಂಬಿವಲಿ)

ಧಾರಾಳವಾಗಿ ಆಗುತ್ತದೆ. ಮೊದಲು ಶಾಖ ಇಳಿಸಿ. ಆ 200 ಡಿಗ್ರಿ ಬಹುಶಃ ಫ್ಯಾನ್ ಇಲ್ಲದ ಓವನ್‌ನ ಲೆಕ್ಕ. ಕನ್ವೆಕ್ಷನ್‌ನಲ್ಲಿ ಫ್ಯಾನ್ ಬಿಸಿಗಾಳಿಯನ್ನು ಬಿಡದೆ ಸುತ್ತಿಸುವುದರಿಂದ ಮಾಂಸದ ಮೇಲಿನ ತೇವ ಬೇಗ ಆರಿ, ಹೊರಗೆ ಬೇಗ ಕೆಂಪಾಗುತ್ತದೆ. ಒಳಗಿನ ಮಾಂಸಕ್ಕೆ ಶಾಖ ಇಳಿಯುವುದು ನಿಧಾನವೇ. ಹಾಗಾಗಿ 20 ಡಿಗ್ರಿ ಕಡಿಮೆ ಮಾಡಿ, 180ಕ್ಕೆ ಕಾಯಿಸಿಕೊಂಡು ಇಡಿ. ಒಂದು ಕಿಲೋ ಕೋಳಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಫ್ರಿಜ್‌ನಿಂದ ತೆಗೆದ ಕೂಡಲೇ ಒಳಗೆ ತಳ್ಳಬೇಡಿ, ಅರ್ಧ ಗಂಟೆ ಹೊರಗಿರಲಿ.

ಮಸಾಲೆಯ ಕಥೆ ಬೇರೆ. ಮಾಟುಂಗದಿಂದ ತಂದ ಬ್ಯಾಡಗಿ ಮೆಣಸು, ಚೂರು ಬೆಲ್ಲ ಸೇರಿಸಿ ಅರೆದ ನಮ್ಮ ಕರಾವಳಿಯ ಕೆಂಪು ಮಸಾಲೆ ಒಂದು ಗಂಟೆಯ ಬಿಸಿಗಾಳಿ ತಾಳುವುದಿಲ್ಲ. ಹಿಂದಿನ ರಾತ್ರಿ ಉಪ್ಪು, ಶುಂಠಿ-ಬೆಳ್ಳುಳ್ಳಿ ಮಾತ್ರ ಸವರಿಡಿ. ಕೆಂಪು ಮಸಾಲೆಯನ್ನು ತುಪ್ಪದಲ್ಲಿ ಕಲಸಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಹಚ್ಚಿ. ಇನ್ನು ಮುಂಬೈಯ ಕೋಳಿ ಅಂಗಡಿಗಳಲ್ಲಿ ಸುಮ್ಮನಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ‘ಸ್ಕಿನ್ ಕೆ ಸಾಥ್’ ಅಂತ ಮೊದಲೇ ಹೇಳಿಬಿಡಿ. ಚರ್ಮವಿಲ್ಲದಿದ್ದರೆ ಎದೆಯ ಭಾಗ ಒಣಗಿ ನಾರಾಗುತ್ತದೆ. ಅದರ ಮೇಲಷ್ಟೇ ಫಾಯಿಲ್ ಮುಚ್ಚಿ, ಮಸಾಲೆ ಹಚ್ಚುವಾಗ ತೆಗೆಯಿರಿ.

ಬೆಂದಿತೋ ಇಲ್ಲವೋ ಎಂದು ಬಣ್ಣ ನೋಡಿ ಹೇಳಲಾಗದು. ಅಡುಗೆಯ ಥರ್ಮಾಮೀಟರನ್ನು ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ. 74 ಡಿಗ್ರಿ ತೋರಿಸಿದರೆ ಸಾಕು.

ಈಗ ಊಟ. ಸ್ಟ್ಯಾಂಡಿನ ಮೇಲೆ ಕೋಳಿ, ಅದರ ಕೆಳಗಿನ ಟ್ರೇಯಲ್ಲಿ ಎಣ್ಣೆ-ಉಪ್ಪು ಸವರಿದ ಆಲೂಗಡ್ಡೆ ಹೋಳುಗಳು. ಕೋಳಿಯಿಂದ ತೊಟ್ಟಿಕ್ಕುವ ಕೊಬ್ಬು ಆಲೂಗಡ್ಡೆಗೇ ಬೀಳುತ್ತದೆ (ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದೂ ಅದೇ). ಅರ್ಧ ಗಂಟೆ ಕಳೆದ ಮೇಲೆ ಕ್ಯಾರೆಟ್, ಈರುಳ್ಳಿ ಹಾಕಿ; ಮಸಾಲೆ ಹಚ್ಚುವ ಹೊತ್ತಿಗೆ ಕ್ಯಾಪ್ಸಿಕಂ. ಬಾಗಿಲು ತೆರೆದಾಗಲೆಲ್ಲ ಶಾಖ ಸೋರುತ್ತದೆ, ಎರಡು ಕೆಲಸ ಒಂದೇ ಸಲಕ್ಕೆ ಮಾಡಿ. ಟ್ರೇ ಗೋಡೆಗೆ ತಾಗಬಾರದು, ಸುತ್ತ ಎರಡು ಬೆರಳಿನಷ್ಟಾದರೂ ಜಾಗ ಇರಲಿ. ಸ್ಟ್ಯಾಂಡಿಗೆ ಪೂರ್ತಿ ಫಾಯಿಲ್ ಹೊದಿಸಿದರೆ ಗಾಳಿ ಕೆಳಗಿಳಿಯದೆ ಆಲೂಗಡ್ಡೆ ಮೆತ್ತಗೇ ಉಳಿಯುತ್ತದೆ. 28 ಲೀಟರಿನಲ್ಲಿ ನಾಲ್ಕು ಜನರ ಊಟ ಸರಾಗ. ಎಂಟು ಜನಕ್ಕೆ ತುರುಕಿದರೆ ಎಲ್ಲವೂ ಹಬೆಯಲ್ಲಿ ಬೆಂದಂತಾಗುತ್ತದೆ. ಅನ್ನ ಕುಕ್ಕರಿನಲ್ಲೇ ಆಗಲಿ, ಅದಕ್ಕೆ ಓವನ್ ದಂಡ.

ಒಂದು ಎಚ್ಚರಿಕೆ. ಇಷ್ಟೆಲ್ಲ ಬರೀ ಕನ್ವೆಕ್ಷನ್ ಮೋಡ್‌ಗೆ ಹೇಳಿದ್ದು. ಮೈಕ್ರೋವೇವ್ ಮೋಡ್‌ನಲ್ಲಿ ಲೋಹದ ಟ್ರೇ, ಫಾಯಿಲ್ ಇಟ್ಟರೆ ಕಿಡಿ ಹಾರುತ್ತದೆ.

ಬೆಂದ ಕೋಳಿಯನ್ನು ಹೊರಗೆ ಹತ್ತು ನಿಮಿಷ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ರಸವೆಲ್ಲ ಹಲಗೆಯ ಮೇಲೆ ಹರಿಯುತ್ತದೆ. ಆ ಹತ್ತು ನಿಮಿಷ ಆರಿಸಿದ ಓವನ್‌ನಲ್ಲಿ ಬೇಕರಿಯ ಪಾವ್ ಬೆಚ್ಚಗಾಗಲಿ.