ರುಬೆಲ್ಲಾ: ಹೆಣ್ಣುಮಕ್ಕಳಿಗಷ್ಟೇ ಚುಚ್ಚಿದರೆ ಸಾಲದು

ಕಿವಿಯ ಹಿಂದೆ ಸಣ್ಣ ಗಂಟು, ಮುಖದಲ್ಲಿ ಶುರುವಾಗಿ ಮೈಗೆ ಇಳಿಯುವ ತಿಳಿಗೆಂಪು ದದ್ದು, ಒಂದಿಷ್ಟು ಜ್ವರ. ಮೂರ್ನಾಲ್ಕು ದಿನಕ್ಕೆ ರುಬೆಲ್ಲಾ ತಾನಾಗಿಯೇ ಹೋಗುತ್ತದೆ. ಎಷ್ಟೋ ಜನರಿಗೆ ಬಂದದ್ದೂ ಗೊತ್ತಾಗುವುದಿಲ್ಲ. ಆದರೆ ಬಸಿರಿನ ಮೊದಲ ಮೂರು ತಿಂಗಳಲ್ಲಿ ಬಂದರೆ ವೈರಸ್ ಮಾಸನ್ನು (ಪ್ಲಾಸೆಂಟಾ) ದಾಟಿ ಭ್ರೂಣವನ್ನು ಸೇರುತ್ತದೆ. ಕಣ್ಣು, ಕಿವಿ, ಹೃದಯ ರೂಪುಗೊಳ್ಳುವ ಹೊತ್ತದು. ಆಗ ಮಗುವಿಗೆ ಹಾನಿಯಾಗುವ ಸಾಧ್ಯತೆ ಶೇ. 90ರವರೆಗೂ ಇರುತ್ತದೆ, ಇಪ್ಪತ್ತು ವಾರ ದಾಟಿದ ಮೇಲೆ ಅಪರೂಪ.

ಇದನ್ನು ಮೊದಲು ಗುರುತಿಸಿದವರು ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಹಸುಗೂಸುಗಳು ಒಂದರ ಹಿಂದೊಂದು ಬರತೊಡಗಿದಾಗ ಅವರು ತಾಯಂದಿರನ್ನು ವಿಚಾರಿಸಿದರು. 1941ರಲ್ಲಿ ಅವರು ವರದಿ ಮಾಡಿದ 78 ಮಕ್ಕಳ ಪೈಕಿ 68 ಮಕ್ಕಳ ತಾಯಂದಿರಿಗೆ ಬಸಿರಿನಲ್ಲಿ ರುಬೆಲ್ಲಾ ಬಂದಿತ್ತು.

1969ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ಬಸಿರಾಗುವವರು ಹೆಂಗಸರು, ಹಾಗಾಗಿ ಹುಡುಗಿಯರಿಗೆ ಕೊಟ್ಟರೆ ಸಾಕು ಎಂದು ಕೆಲವು ದೇಶಗಳು ಲೆಕ್ಕ ಹಾಕಿದವು. ಜಪಾನ್ 1977ರಿಂದ ಶಾಲಾ ಬಾಲಕಿಯರಿಗೆ ಮಾತ್ರ ಲಸಿಕೆ ಹಾಕಿತು. ಲಸಿಕೆ ಸಿಗದ ಹುಡುಗರು ಬೆಳೆದು ಕಚೇರಿ, ರೈಲು ಎಂದು ಓಡಾಡತೊಡಗಿದಾಗಲೂ ಅವರಲ್ಲಿ ಅನೇಕರಿಗೆ ರಕ್ಷಣೆಯೇ ಇರಲಿಲ್ಲ. 2013ರಲ್ಲಿ ಅಲ್ಲಿ 14 ಸಾವಿರಕ್ಕೂ ಹೆಚ್ಚು ಮಂದಿಗೆ ರುಬೆಲ್ಲಾ ಬಂತು, ಬಹುಪಾಲು ವಯಸ್ಕ ಗಂಡಸರಿಗೆ. ಆ ಅಲೆಯಲ್ಲಿ 45 ಶಿಶುಗಳು ಜನ್ಮಜಾತ ರುಬೆಲ್ಲಾದೊಂದಿಗೆ ಹುಟ್ಟಿದವು. ಲಸಿಕೆ ಹಾಕಿಸಿಕೊಂಡರೂ ಕೆಲವು ಹೆಂಗಸರಲ್ಲಿ ಪ್ರತಿಕಾಯ ಸಾಲದೆ ಉಳಿಯುತ್ತದೆ. ಅವರನ್ನು ಕಾಯುವುದು ಸುತ್ತಲಿನವರ ರೋಗನಿರೋಧಕ ಶಕ್ತಿಯೇ. ಕೊನೆಗೆ 2019ರಿಂದ ಜಪಾನ್ ಸರ್ಕಾರ ನಡುವಯಸ್ಸಿನ ಗಂಡಸರನ್ನು ಕರೆದು ಉಚಿತವಾಗಿ ರಕ್ತಪರೀಕ್ಷೆ ಮಾಡಿಸಿ ಲಸಿಕೆ ಕೊಡಬೇಕಾಯಿತು.

ಭಾರತ ಆ ತಪ್ಪು ಮಾಡಲಿಲ್ಲ, ಅದು ದೊಡ್ಡ ಸಮಾಧಾನ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಾಟ್ಸ್ಆ್ಯಪ್ ವದಂತಿಗಳ ನಡುವೆಯೂ ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ಚುಚ್ಚುಮದ್ದು ಹಾಕಲು ಹೊರಟರು. ಈಗ ಅದು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಮ್ಮೆ ಕೊಡುವ ಮಾಮೂಲಿ ಲಸಿಕೆ.

ಚಿಂತೆ ಇರುವುದು 2002ಕ್ಕೆ ಮೊದಲು ಹುಟ್ಟಿದವರದು. ಬಹಳಷ್ಟು ಮಂದಿಗೆ ಬಾಲ್ಯದಲ್ಲೇ ಸೋಂಕು ತಗುಲಿ ರಕ್ಷಣೆ ಬಂದಿರುತ್ತದೆ, ಎಲ್ಲರಿಗೂ ಅಲ್ಲ. "ಚಿಕ್ಕಂದಿನಲ್ಲಿ ಮೈಮೇಲೆ ಎದ್ದಿತ್ತು" ಎಂಬ ಮನೆಯವರ ನೆನಪನ್ನು ನಂಬುವಂತಿಲ್ಲ, ಎಷ್ಟೋ ಜ್ವರಗಳಲ್ಲಿ ಹಾಗೆ ಏಳುತ್ತದೆ. ಹಿಂದೆ ಲಸಿಕೆ ಹಾಕಿಸಿದ ದಾಖಲೆಯಾಗಲಿ, ರುಬೆಲ್ಲಾ ವಿರುದ್ಧದ ಪ್ರತಿಕಾಯ ಇದೆಯೇ ಎಂದು ನೋಡುವ ಐಜಿಜಿ ರಕ್ತಪರೀಕ್ಷೆಯಾಗಲಿ ಬೇಕು. ನಮ್ಮಲ್ಲಿ ಈ ಪರೀಕ್ಷೆ ಹೆಚ್ಚಾಗಿ ನಡೆಯುವುದು ಬಸಿರಾದ ಮೇಲೆ, ಆಗ ಲಸಿಕೆ ಕೊಡುವಂತಿಲ್ಲ. ಮದುವೆಯ ಹೊತ್ತಿಗೇ ಕೇಳಿ ಮಾಡಿಸಿಕೊಳ್ಳಿ. ಲಸಿಕೆ ಪಡೆದ ಮೇಲೆ ಒಂದು ತಿಂಗಳು ಬಸಿರನ್ನು ಮುಂದೂಡಬೇಕು. ಬಸಿರಿನಲ್ಲಿ ರಕ್ಷಣೆ ಇಲ್ಲವೆಂದು ತಿಳಿದುಬಂದವರು ಹೆರಿಗೆಯಾದ ಮೇಲೆ ಆಸ್ಪತ್ರೆಯಿಂದ ಹೊರಡುವ ಮುನ್ನವೇ ಹಾಕಿಸಿಕೊಳ್ಳಬಹುದು, ಎದೆಹಾಲು ನಿಲ್ಲಿಸಬೇಕಿಲ್ಲ.