ದನಿ ಒಡದ ಮಗುವಿನ ಎದಿ ಸಿಟಿ: ಆರ್‌ಆರ್‌ಪಿ ಶ್ವಾಸಕೋಶಕ್ಕ ಇಳದಾಗ

ಪುಣೆದಾಗ ಪೀಡಿಯಾಟ್ರಿಕ್ಸ್ ಪಿಜಿ ಮಾಡೋ ನಮ್ಮ ಕನ್ನಡದವರಿಗಂತ ಇದನ್ನ ಬರದೀನಿ, ಯಾಕಂದ್ರ ಆರ್‌ಆರ್‌ಪಿ (ರಿಕರೆಂಟ್ ರೆಸ್ಪಿರೇಟರಿ ಪ್ಯಾಪಿಲೊಮಟೋಸಿಸ್, ಉಸಿರಿನ ದಾರಿಯೊಳಗ ಮತ್ತ ಮತ್ತ ಬರೋ ನರೂಲಿಯಂಥ ಗಂಟಿನ ರೋಗ) ಅಂದ ಕೂಡ್ಲೆ ಇದು ಇಎನ್‌ಟಿಯವರದು ಅಂತ ನಾವು ಪುಟ ತಿರುವಿಬಿಡ್ತೀವಿ.

ಕಾರಣ ಎಚ್‌ಪಿವಿ ಅನ್ನೋ ವೈರಸ್ಸಿನ (ಹ್ಯೂಮನ್ ಪ್ಯಾಪಿಲೊಮಾ ವೈರಸ್) 6 ಮತ್ತು 11ನೇ ನಮೂನಿ. ಹೆಚ್ಚಾಗಿ ಹೆರಿಗಿ ಹೊತ್ತಿನ್ಯಾಗ ತಾಯಿಯಿಂದ ಬರ್ತದ, ವೋಕಲ್ ಕಾರ್ಡ್ (ದನಿ ಪಟ್ಟಿ) ಮ್ಯಾಲೆ ಗೊಂಚಲಿನಂಗ ಬೆಳೀತದ, ತಗದಷ್ಟೂ ಮತ್ತ ಬರ್ತದ. 11 ಇದ್ರ, ಇಲ್ಲಾ ಮೂರು ವರ್ಷದೊಳಗ ಶುರುವಾದ್ರ ಜೋರು ಜಾಸ್ತಿ. ಶ್ವಾಸಕೋಶಕ್ಕ ಹೋಗೋದು ಭಾಳ ಕಡಿಮಿ, ನೂರಕ್ಕ ಮೂರರ ಆಸುಪಾಸು, ಆದ್ರ ಹೋತಂದ್ರ ಲೇಸರ್, ಡಿಬ್ರೈಡರ್ (ಗಂಟು ಹೆರೆಯೋ ಯಂತ್ರ) ಯಾವುದೂ ಅಲ್ಲಿತನಕ ಮುಟ್ಟೂದಿಲ್ಲ.

ಸಿಟಿ ಸ್ವಲ್ಪ ನಿಧಾನ ನೋಡ್ರಿ. ಮೊದಲು ಸಣ್ಣ ಘನ ಗಂಟು, ಆಮ್ಯಾಲೆ ಅದರ ನಡುವ ಟೊಳ್ಳಾಗಿ ಗೋಡಿ ಇರೋ ಕ್ಯಾವಿಟಿ, ಒಂದ ಸ್ಲೈಸಿನ್ಯಾಗ ಎರಡೂ ಅಕ್ಕಪಕ್ಕ ಕಾಣ್ತಾವ, ಅದೂ ಹೆಚ್ಚಾಗಿ ಲೋವರ್ ಲೋಬ್‌ಗಳ ಹಿಂಭಾಗಕ್ಕ, ಯಾಕಂದ್ರ ಮ್ಯಾಲಿಂದ ಉದುರಿದ ತುಣುಕು ಉಸಿರಿನ ದಾರಿಯೊಳಗ ಇಳದು ತಗ್ಗಿನ ಜಾಗಕ್ಕ ಹೋಗಿ ಕೂಡ್ತದ ಅಂತ ತಿಳಿದವರು ಹೇಳ್ತಾರ. ಅದಕ್ಕ ಟ್ರೇಕಿಯಾಸ್ಟಮಿ (ಉಸಿರಿಗಂತ ಕೊರಳಾಗ ತೂತು ಮಾಡೋದು) ಆದಷ್ಟು ತಪ್ಪಿಸ್ತಾರ, ಆ ತೂತಿನ ಸುತ್ತ, ಕೆಳಗ ಹಬ್ಬತದಂತ.

ನಮ್ಮ ಕಡೆ ಕ್ಯಾವಿಟಿ ಅಂದ್ರ ಮೊದಲು ಬಾಯಿಗೆ ಬರೋದು ಟಿಬಿ. ವಾರ್ಡಿನ್ಯಾಗ ಸೊಲ್ಲಾಪುರ ಕಡಿಂದ ಬಂದ ಒಬ್ಬ ತಾಯಿ, ಮರಾಠಿಯೊಳಗ ಕೇಳಿದ್ರ ಕೆಮ್ಮಿನ ಮಾತಷ್ಟೇ ಹೇಳಿದ್ಲು, ಕನ್ನಡದಾಗ "ಅವ್ವಾ, ಕೂಸಿನ ದನಿ ಯಾವಾಗಿಂದ ಹಿಂಗೈತಿ?" ಅಂದ ಕೂಡ್ಲೆ "ಅಯ್ಯ, ಅತ್ರ ಸಪ್ಪಳನ ಬರಂಗಿಲ್ರಿ, ವರ್ಷ ತುಂಬೋದ್ರೊಳಗ ಹಿಂಗಾತು" ಅಂದ್ಲು. ಆ ಒಂದು ಮಾತು ಸಿಟಿ ಪೂರ್ತಿ ತಿರುಗಿಸ್ತು. ಅದಕ್ಕ ಕ್ಯಾವಿಟಿ ಕಂಡ್ರ ದನಿ ಕೇಳ್ರಿ, ಕಫದ ಟೆಸ್ಟೂ ಬಿಡಬ್ಯಾಡ್ರಿ, ಗಂಟಲಿಗೆ ಸ್ಕೋಪೂ ಮಾಡಿಸ್ರಿ.

ಗಂಟು ವರ್ಷಗಟ್ಟಲೆ ಮೆಲ್ಲಕ ಬೆಳೀತಾವ. ಒಂದು ಗಂಟು ಏಕದಂ ದೊಡ್ಡದಾದ್ರ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಅನುಮಾನ ಬರಬೇಕು, ಬಯಾಪ್ಸಿ ತಡಾ ಮಾಡಬಾರದು. ಔಷಧದಾಗ ಈಗ ಆಸೆ ಇರೋದು ನರದಾಗ ಕೊಡೋ ಬೆವಾಸಿಜುಮಾಬ್ ಮ್ಯಾಲೆ, ವಿಇಜಿಎಫ್ (ಹೊಸ ರಕ್ತನಾಳ ಬೆಳಸೋ ಪ್ರೋಟೀನ್) ತಡೀತದ, ಶ್ವಾಸಕೋಶದ ಗಂಟೂ ಕೆಲವ್ರಿಗೆ ಕುಗ್ಗ್ಯಾವ, ಆದ್ರ ನಿಲ್ಲಿಸಿದ್ರ ತಿರುಗಿ ಬರಬಹುದು.

ತಡಿಯೋದು ನಮ್ಮ ಹಡಪ್ಸರ್‌ದಾಗ ಐತಿ ನೋಡ್ರಿ. ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಲಸಿಕಿ, 2023ರ ಜನವರಿಯಿಂದ ಬಂದದ್ದು, ಎಚ್‌ಪಿವಿ 16 ಮತ್ತು 18ರ ಜೊತಿ 6 ಮತ್ತು 11ನ್ನೂ ತಡೀತದ. ಶಾಲಿ ಮಕ್ಕಳಿಗೆ ಇಂಥದ್ದ ಲಸಿಕಿ ಕೊಟ್ಟ ಆಸ್ಟ್ರೇಲಿಯಾದಾಗ ಮಕ್ಕಳ ಹೊಸ ಆರ್‌ಆರ್‌ಪಿ ಕೇಸು 2012ರಾಗ ಲಕ್ಷಕ್ಕ 0.16 ಇದ್ದದ್ದು 2016ಕ್ಕ 0.02ಕ್ಕ ಇಳೀತು.